ಎಬಿಎ ಸರ್ಟಿಫಿಕೇಟ್ ಪರೀಕ್ಷೆಗೆ ವಿಜಯಪುರದಲ್ಲಿ ಕೂತು ತಯಾರಿ

(ವಿಜಯಪುರದಲ್ಲಿ ವಿಶೇಷ ಶಿಕ್ಷಕರು, ಥೆರಪಿ ಸೆಂಟರ್‌ಗಳಲ್ಲಿ ಕೆಲಸ ಮಾಡುವವರು, ಸೈಕಾಲಜಿ ವಿದ್ಯಾರ್ಥಿನಿಯರು ಮತ್ತು ಕೆಲವು ತಂದೆ-ತಾಯಂದಿರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸೇರಿಸಿದ್ದೇನೆ, ಧಾಟಿ ಮಾತಿನದ್ದೇ.)

ಎಲ್ಲರಿಗೂ ನಮಸ್ಕಾರ. ಎಬಿಎ ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಒಂದು ವರ್ತನೆ ಯಾಕೆ ಆಗ್ತಿದೆ ಅಂತ ನೋಡಿ ಅದನ್ನು ಬದಲಿಸುವ ಶಾಸ್ತ್ರ. ಆಟಿಸಂ ಇರುವ ಮಕ್ಕಳ ಥೆರಪಿಯಲ್ಲಿ ಇದನ್ನು ಬಳಸುತ್ತಾರೆ. ಓದಿನ ಮಾತಿಗೆ ಮುಂಚೆ ದುಡ್ಡಿನ ಮಾತು ಮುಗಿಸಿಬಿಡ್ತೀನಿ. ಇಲ್ಲಿ ಕೂತವರಲ್ಲಿ ಹೆಚ್ಚಿನವರ ಸಂಬಳ ನನಗೆ ಗೊತ್ತು, ಆ ಸಂಬಳದಲ್ಲಿ ಕೋರ್ಸ್ ಫೀಸು ಕಟ್ಟೋದು ಸುಲಭ ಅಲ್ಲ.

ಒಳಗೆ ಬರುವಾಗ ಕೆಲವರನ್ನು ಕೇಳಿದೆ, ಯಾವ ಪರೀಕ್ಷೆಗೆ ಓದ್ತಿದ್ದೀರಿ ಅಂತ. "ಬಿಸಿಬಿಎ ರೀ ಸರ್" ಅಂದರು. ಬಿಸಿಬಿಎ ಅಂದರೆ ಬೋರ್ಡ್ ಸರ್ಟಿಫೈಡ್ ಬಿಹೇವಿಯರ್ ಅನಲಿಸ್ಟ್, ಅದನ್ನು ಕೊಡುವುದು ಅಮೆರಿಕದ ಬಿಹೇವಿಯರ್ ಅನಲಿಸ್ಟ್ ಸರ್ಟಿಫಿಕೇಶನ್ ಬೋರ್ಡ್. 1998ರಲ್ಲಿ ಶುರುವಾದ ಸಂಸ್ಥೆ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕು, ನಿಗದಿ ಮಾಡಿದ ಕೋರ್ಸ್ ಬೇಕು, ಮೇಲ್ವಿಚಾರಕರ ಕೈಕೆಳಗೆ 2000 ಗಂಟೆ ಕೆಲಸ ಮಾಡಿರಬೇಕು, ಮೇಲ್ವಿಚಾರಣೆ ಇನ್ನೂ ಹೆಚ್ಚಿದ್ದರೆ 1500 ಗಂಟೆ ಸಾಕು. ಇಷ್ಟಾದ ಮೇಲೆ ಪರೀಕ್ಷೆ. ಆದರೆ 2023ರ ಜನವರಿಯಿಂದ ಆ ಬೋರ್ಡ್ ಭಾರತದಲ್ಲಿರುವವರಿಂದ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಮೊದಲೇ ಸರ್ಟಿಫಿಕೇಟ್ ಪಡೆದವರ ವಿಷಯ ಬೇರೆ. ಈಗ ವಿಜಯಪುರದಲ್ಲಿ ಕೂತು ಹೊಸದಾಗಿ ಬಿಸಿಬಿಎ ಆಗ್ತೀನಿ ಅಂದ್ರೆ ಆಗಲ್ಲ. ಕೆಳಗಿನ ಹಂತದ, ಮಗುವಿನ ಜೊತೆ ನೇರ ಕೆಲಸ ಮಾಡುವ ಟೆಕ್ನೀಷಿಯನ್‌ಗೆ ಕೊಡುವ ಆರ್‌ಬಿಟಿಯದ್ದೂ ಅದೇ ಕಥೆ. ಯಾರಾದರೂ "ನಮ್ಮಲ್ಲಿ ಸೇರಿ, ಬಿಸಿಬಿಎ ಮಾಡಿಸ್ತೀವಿ" ಅಂತ ಫೋನ್ ಮಾಡಿದರೆ, ಪರೀಕ್ಷೆಗೆ ನಾನು ಈ ಊರಿನಿಂದ ಅರ್ಜಿ ಹಾಕಬಹುದಾ ಅನ್ನೋ ಒಂದೇ ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ಕೊಡಿ ಅನ್ನಿ.

ಹಾಗಾದರೆ ನಮಗೆ ಬಾಗಿಲು ಮುಚ್ಚಿತಾ? ಇಲ್ಲ. ಐಬಿಎಒ ಅಂತ ಅಂತರರಾಷ್ಟ್ರೀಯ ಸಂಸ್ಥೆ ಇದೆ, ಅದು ಮೇಲಿನ ಹಂತಕ್ಕೆ ಐಬಿಎ, ಶುರುವಿನ ಹಂತಕ್ಕೆ ಐಬಿಟಿ ಅಂತ ಎರಡು ಹಂತದ ಸರ್ಟಿಫಿಕೇಟ್ ಕೊಡುತ್ತದೆ. ಕ್ಯೂಎಬಿಎ ಅಂತ ಇನ್ನೊಂದು ಬೋರ್ಡ್ ಇದೆ, ಅದರಲ್ಲಿ ಶುರುವಿನ ಹಂತಕ್ಕೆ ಎಬಿಎಟಿ ಅನ್ನುತ್ತಾರೆ. ಶುರುವಿನ ಹಂತಕ್ಕೆ ಎಲ್ಲಾ ಕಡೆ ಸುಮಾರು 40 ಗಂಟೆಯ ತರಬೇತಿಯೇ ಬುನಾದಿ. ಮೇಲಿನ ಹಂತಕ್ಕೆ ಕೋರ್ಸು, ಮೇಲ್ವಿಚಾರಣೆಯ ಗಂಟೆಗಳು, ಪರೀಕ್ಷೆ ಮೂರೂ ಬೇಕು. ನಿಯಮ ಬದಲಾಗ್ತಾ ಇರ್ತವೆ, ಹಾಗಾಗಿ ಫೀಸು ಕಟ್ಟುವ ದಿನವೇ ಆಯಾ ಬೋರ್ಡಿನ ವೆಬ್‌ಸೈಟಿನಲ್ಲಿ ಕೈಪಿಡಿ ತೆರೆದು ಓದಿ. ಕೋಚಿಂಗ್‌ನವರು ಕಳಿಸಿದ ಪಿಡಿಎಫ್ ನಂಬಿ ಕೂರಬೇಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳ್ತೀನಿ. ನಮ್ಮ ದೇಶದಲ್ಲಿ ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳು ಕೆಲಸ ಮಾಡೋದಕ್ಕೆ ಆರ್‌ಸಿಐ ನೋಂದಣಿ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು, ಅದು 1992ರ ಕಾಯ್ದೆ. ಎಬಿಎ ಸರ್ಟಿಫಿಕೇಟ್ ಆ ನೋಂದಣಿಯ ಜಾಗಕ್ಕೆ ಬರೋದಿಲ್ಲ. ಬಿ.ಎಡ್ ವಿಶೇಷ ಶಿಕ್ಷಣ ಅರ್ಧಕ್ಕೆ ಬಿಟ್ಟು ಇದಕ್ಕೆ ಬರ್ತೀನಿ ಅನ್ನೋ ತಂಗಿಯರು ಇಲ್ಲಿದ್ದರೆ, ದಯವಿಟ್ಟು ಬೇಡ. ಅದನ್ನು ಮುಗಿಸಿ. ಇದನ್ನು ಅದರ ಪಕ್ಕದಲ್ಲಿ ಇಟ್ಟುಕೊಳ್ಳಿ.

ಸರಿ, ಈಗ ಓದು.

ಬೋರ್ಡ್ ಯಾವುದೇ ಇರಲಿ, ಒಳಗಿನ ವಿಷಯ ಹೆಚ್ಚು ಕಡಿಮೆ ಒಂದೇ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಅಮೆರಿಕದ ಬೋರ್ಡಿನ ಪರೀಕ್ಷೆ ಬರೆಯದಿದ್ದರೂ ಅದರ ಪಠ್ಯದ ರೂಪುರೇಷೆಯನ್ನು ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತದೆ, ಆರನೇ ಆವೃತ್ತಿ 2025ರ ಜನವರಿಯಿಂದ ಜಾರಿಯಲ್ಲಿದೆ. ಒಂಬತ್ತು ಭಾಗ. ಮೂಲ ತತ್ವಗಳಿಗೆ 14 ಶೇಕಡಾ, ವರ್ತನೆ ಬದಲಿಸುವ ವಿಧಾನಗಳಿಗೆ 14, ನೀತಿಗೆ 13, ವರ್ತನೆಯ ಮೌಲ್ಯಮಾಪನಕ್ಕೆ 13, ಅಳತೆ ಮತ್ತು ಗ್ರಾಫಿಗೆ 12. ತಾತ್ವಿಕ ಹಿನ್ನೆಲೆಗೆ ಬರೀ 5. ಆದರೂ ನಮ್ಮ ಹುಡುಗರು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕಳೆಯೋದು ಆ ಐದರಲ್ಲೇ. ಈ ಶಾಸ್ತ್ರದ ಹಿರಿಯರಾದ ಸ್ಕಿನ್ನರ್ ಏನಂದ, ವಾಟ್ಸನ್ ಏನಂದ, 1968ರಲ್ಲಿ ಬೇಯರ್, ವುಲ್ಫ್, ರಿಸ್ಲಿ ಹೇಳಿದ ಎಬಿಎಯ ಏಳು ಲಕ್ಷಣಗಳು ಯಾವುವು. ಇವು ಬಾಯಿಪಾಠಕ್ಕೆ ಸಿಗುತ್ತವೆ, ಬಾಯಿಪಾಠ ಆದ ಕೂಡಲೇ ಓದಿದ ಸಮಾಧಾನ ಸಿಗುತ್ತದೆ. ಏಳು ಲಕ್ಷಣ ಗೊತ್ತಿರಲಿ, ಅದರ ಮೇಲೆ ಒಂದೆರಡು ಪ್ರಶ್ನೆ ಬರಬಹುದು. ಆದರೆ ಪರೀಕ್ಷೆ ಗೆಲ್ಲೋದು ಅಲ್ಲಿ ಅಲ್ಲ.

ಈ ಪರೀಕ್ಷೆ ವ್ಯಾಖ್ಯಾನ ಕೇಳೋದು ಕಡಿಮೆ. ಒಂದು ಸನ್ನಿವೇಶ ಕೊಡುತ್ತದೆ. ಒಂದು ಮಗು, ಒಬ್ಬ ಟೀಚರು, ಒಂದು ಘಟನೆ. ಇಲ್ಲಿ ಏನು ನಡೀತಿದೆ ಅಂತ ಕೇಳುತ್ತದೆ. ಕೆಳಗೆ ನಾಲ್ಕು ಉತ್ತರ, ನಾಲ್ಕೂ ಸರಿ ಅನ್ನೋ ಹಾಗೇ ಇರ್ತವೆ. ಹಾಗಾಗಿ ಸನ್ನಿವೇಶ ಬಿಡಿಸೋದನ್ನು ಕಲಿಯಬೇಕು. ಅದನ್ನು ಕಲಿಯೋದಕ್ಕೆ ನಮ್ಮ ಮನೆ, ನಮ್ಮ ಓಣಿ, ನಮ್ಮ ಶಾಲೆಗಿಂತ ಒಳ್ಳೇ ಜಾಗ ಇಲ್ಲ. ನಾನು ಇವತ್ತು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಇದರದ್ದೇ ವಿವರ.

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಸಂಜೆ ಏಳು ಗಂಟೆ. ಅವ್ವ ಒಲೆ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಎರಡೂ ಕೈ ಹಿಟ್ಟು. ಹಂಚಿನ ಮೇಲೆ ಒಂದು ರೊಟ್ಟಿ ಇದೆ, ಅದಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ತಡವಾದರೆ ಬಿರಿಯುತ್ತದೆ. ನಾಲ್ಕು ವರ್ಷದ ಮಗ ಬಾಗಿಲಲ್ಲಿ ಕೂತು ಸ್ಟೀಲ್ ತಾಟನ್ನು ನೆಲಕ್ಕೆ ಬಡಿಯುತ್ತಾನೆ. ಒಂದು ಸಲ, ಎರಡು ಸಲ, ಆಮೇಲೆ ಬಿಡದೇ. ಒಳಗಿಂದ ಮಾವ ಕೂಗುತ್ತಾರೆ, "ಏನದು ಗದ್ದಲಾ?" ಅವ್ವ ಮೊಣಕೈಯಿಂದ ಡಬ್ಬಿ ಸರಿಸಿ, ಹಿಟ್ಟಿನ ಬೆರಳಲ್ಲೇ ಫೋನ್ ತೆಗೆದು ಕೊಡುತ್ತಾಳೆ. ಹುಡುಗ ತಾಟು ಬಿಡುತ್ತಾನೆ. ಮನೆ ತಣ್ಣಗಾಗುತ್ತದೆ. ಮರುದಿನ ಹುಡುಗ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿದ್ದ ಹಾಗೇ ತಾಟು ಹಿಡಿಯುತ್ತಾನೆ. ಅವ್ವ ಮೂರನೇ ಬಡಿತಕ್ಕೇ ಫೋನ್ ಕೊಡುತ್ತಾಳೆ.

ಈಗ ಪ್ರಶ್ನೆ. ಅವ್ವ ಫೋನ್ ಕೊಡೋದು ಯಾವುದರಿಂದ ಗಟ್ಟಿಯಾಗ್ತಿದೆ?

ಇಲ್ಲಿ ಕೇಳಿದಾಗಲೂ ಮುಕ್ಕಾಲು ಪಾಲು ಜನ "ಪಾಸಿಟಿವ್ ರೀಇನ್ಫೋರ್ಸ್‌ಮೆಂಟ್" ಅಂದರು. ಅದು ಹುಡುಗನ ಉತ್ತರ. ಹುಡುಗ ತಾಟು ಬಡಿದ, ಫೋನ್ ಬಂತು, ಬಡಿಯೋದು ಹೆಚ್ಚಾಯಿತು. ಅದು ಪಾಸಿಟಿವ್, ಸರಿ. ಆದರೆ ಪ್ರಶ್ನೆ ಕೇಳಿದ್ದು ಅವ್ವನ ವರ್ತನೆ ಬಗ್ಗೆ. ಅವ್ವ ಫೋನ್ ಕೊಟ್ಟಳು, ಗದ್ದಲ ನಿಂತಿತು, ಮರುದಿನ ಇನ್ನೂ ಬೇಗ ಕೊಟ್ಟಳು. ಒಂದು ಕಿರಿಕಿರಿ ಹೋಯಿತು, ಅದರಿಂದ ವರ್ತನೆ ಹೆಚ್ಚಾಯಿತು. ಅದು ನೆಗೆಟಿವ್ ರೀಇನ್ಫೋರ್ಸ್‌ಮೆಂಟ್. ಒಂದೇ ನಿಮಿಷದ ಘಟನೆ, ಇಬ್ಬರು ಮನುಷ್ಯರು, ಎರಡು ಬೇರೆ ಉತ್ತರ. ಪ್ರಶ್ನೆ ಓದಿದ ಕೂಡಲೇ ಮೊದಲ ಕೆಲಸ, ಯಾರ ವರ್ತನೆ ಕೇಳಿದ್ದಾರೆ ಅಂತ ಹುಡುಕೋದು. ಎರಡನೇ ಕೆಲಸ, ವರ್ತನೆ ಆದ ಮೇಲೆ ಏನು ಬಂತು ಅಥವಾ ಏನು ಹೋಯಿತು ಅಂತ ನೋಡೋದು. ಮೂರನೇದು, ಮುಂದೆ ಆ ವರ್ತನೆ ಹೆಚ್ಚಾಯಿತೋ ಕಡಿಮೆಯಾಯಿತೋ. ಈ ಮೂರು ಸಾಲು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಅದೇ ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರೋಣ. ಒಂದು ದಿನ ಅವ್ವ ಗಟ್ಟಿ ಮನಸ್ಸು ಮಾಡಿ ಫೋನ್ ಕೊಡೋದಿಲ್ಲ. ಹುಡುಗ ಸುಮ್ನಾಗ್ತಾನಾ? ಇಲ್ಲ, ಜೋರಾಗಿ ಬಡಿಯುತ್ತಾನೆ, ತಾಟು ಎಸೆಯುತ್ತಾನೆ, ಹಿಂದೆಂದೂ ಮಾಡದ್ದನ್ನು ಮಾಡುತ್ತಾನೆ. ವರ್ತನೆಗೆ ಸಿಗುತ್ತಿದ್ದ ಫಲ ನಿಲ್ಲಿಸೋದಕ್ಕೆ ಎಕ್ಸ್‌ಟಿಂಕ್ಷನ್ ಅನ್ನುತ್ತಾರೆ, ನಿಲ್ಲಿಸಿದ ಹೊಸದರಲ್ಲಿ ವರ್ತನೆ ಹೀಗೆ ಉಕ್ಕಬಹುದು. ಇದೇ ಎಕ್ಸ್‌ಟಿಂಕ್ಷನ್ ಬರ್ಸ್ಟ್. ಎರಡು ದಿನ ತಡೆದುಕೊಂಡ ಮನೆಯವರು ಮೂರನೇ ದಿನ ಸೋಲುತ್ತಾರೆ, ಅಜ್ಜಿ ಬಂದು "ಕೂಸು ಅಳಾಕತ್ತೈತಿ, ಕೊಟ್ಟುಬಿಡವಾ" ಅಂತ ಕೊಡಿಸುತ್ತಾಳೆ. ಈಗ ಜೋರಾಗಿ ಎಸೆದದ್ದಕ್ಕೆ ಫೋನ್ ಸಿಕ್ಕಿತು. ಅದೂ ಒಮ್ಮೊಮ್ಮೆ ಮಾತ್ರ ಸಿಗೋ ಹಾಗಾಯಿತು, ಒಮ್ಮೊಮ್ಮೆ ಸಿಗೋ ವಸ್ತುವಿಗಾಗಿ ಮಾಡೋ ವರ್ತನೆ ಬಹಳ ದಿನ ಬಾಳುತ್ತದೆ. ಇಂಟರ್‌ಮಿಟೆಂಟ್ ಷೆಡ್ಯೂಲ್ ಅನ್ನೋ ಪಾಠ ಅಜ್ಜಿಯ ಈ ಒಂದು ಮಾತಿನಲ್ಲಿ ಮುಗಿಯುತ್ತದೆ.

ಹಾಗಾದರೆ ಅವ್ವ ಏನು ಮಾಡಬೇಕಿತ್ತು? 1985ರಲ್ಲಿ ಕಾರ್ ಮತ್ತು ಡ್ಯುರಾಂಡ್ ಅನ್ನೋ ಸಂಶೋಧಕರು ಇಬ್ಬರೂ ಸೇರಿ ತೋರಿಸಿದ ದಾರಿ ಇದೆ, ಫಂಕ್ಷನಲ್ ಕಮ್ಯುನಿಕೇಶನ್ ಟ್ರೈನಿಂಗ್. ತಾಟು ಬಡಿದು ಏನು ಪಡೀತಾನೋ ಅದನ್ನೇ ಕೇಳಿ ಪಡೆಯೋದನ್ನು ಕಲಿಸೋದು. ಮಾತು ಬಂದರೆ "ಫೋನ್ ಕೊಡು", ಬರದಿದ್ದರೆ ಒಂದು ಚಿತ್ರದ ಕಾರ್ಡ್ ಕೈಗೆ ಕೊಡೋದು, ಅದೂ ಆಗದಿದ್ದರೆ ಒಂದು ಸನ್ನೆ. ಹೊಸ ವರ್ತನೆ ಹಳೇದಕ್ಕಿಂತ ಸುಲಭ ಇರಬೇಕು, ಫಲ ಅಷ್ಟೇ ಬೇಗ ಸಿಗಬೇಕು. ಇಲ್ಲದಿದ್ದರೆ ಹುಡುಗ ಯಾಕೆ ಬದಲಾಗಬೇಕು? ಮತ್ತೆ ಇದನ್ನು ರೊಟ್ಟಿ ಬಡಿಯುವ ಹೊತ್ತಿಗೆ ಶುರು ಮಾಡಬಾರದು. ಅವ್ವನ ಕೈ ಖಾಲಿ ಇದ್ದಾಗ, ಮಗ ಖುಷಿಯಾಗಿದ್ದಾಗ ಕಲಿಸಬೇಕು. ಪರೀಕ್ಷೆಯಲ್ಲೂ ಇದು ಬರುತ್ತದೆ, ನಿಜವಾದ ಮನೆಯಲ್ಲೂ ಇದೇ ಕೆಲಸಕ್ಕೆ ಬರುತ್ತದೆ.

ಆದರೆ ತಡೀರಿ. ಹುಡುಗನಿಗೆ ಬೇಕಿದ್ದದ್ದು ಫೋನೇ ಅಂತ ನಮಗೆ ಹೇಗೆ ಗೊತ್ತಾಯಿತು? ಅವ್ವ ತನ್ನ ಕಡೆ ತಿರುಗಲಿ ಅಂತ ಇರಬಹುದು. ತಾಟಿನ ಸಪ್ಪಳವೇ ಅವನಿಗೆ ಇಷ್ಟ ಇರಬಹುದು, ಯಾರೂ ಇಲ್ಲದಾಗಲೂ ಬಡೀತಾನಾ ನೋಡಬೇಕು. ಅಣ್ಣ ಪಕ್ಕದಲ್ಲಿ ಕೂತು "ಬಾ, ಬರಿ" ಅಂತ ಪಾಟಿ ಹಿಡಿದಿದ್ದರೆ, ಆ ಬರವಣಿಗೆಯಿಂದ ತಪ್ಪಿಸಿಕೊಳ್ಳಲು ಇರಬಹುದು. ನೋಡೋದಕ್ಕೆ ಒಂದೇ ವರ್ತನೆ, ಕಾರಣ ನಾಲ್ಕು. ಸಂಶೋಧಕ ಇವಾಟ ಮತ್ತು ಅವರ ಜೊತೆಗಾರರು 1982ರಲ್ಲಿ ಇದನ್ನು ಬೇರೆ ಬೇರೆ ಸನ್ನಿವೇಶ ಮಾಡಿ ಪರೀಕ್ಷಿಸುವ ಕ್ರಮ ತೋರಿಸಿದರು. ಗಮನ ಕೊಡುವ ಸನ್ನಿವೇಶ, ಕೆಲಸ ಹೇಳುವ ಸನ್ನಿವೇಶ, ಒಂಟಿಯಾಗಿ ಬಿಡುವುದು, ಇವೆಲ್ಲಕ್ಕೆ ಹೋಲಿಸಿ ನೋಡಲು ಆಟದ ಸನ್ನಿವೇಶ. ಅವರು ಕೆಲಸ ಮಾಡಿದ್ದು ತಮಗೆ ತಾವೇ ಪೆಟ್ಟು ಮಾಡಿಕೊಳ್ಳುವ ಮಕ್ಕಳ ಜೊತೆ, ಅದಕ್ಕೆ ವೈದ್ಯರು, ಸುರಕ್ಷತೆ ಎಲ್ಲ ಇಟ್ಟುಕೊಂಡಿದ್ದರು. ಪುಸ್ತಕ ಓದಿ ನಾಳೆ ಮನೆಯಲ್ಲಿ ಇದನ್ನು ಮಾಡಿ ನೋಡ್ತೀನಿ ಅಂತ ಯಾರೂ ಹೊರಡಬೇಡಿ. ನೋಡೋದು, ಬರೆಯೋದು, ಅಷ್ಟು ಮಾಡಿ.

ಶಾಲೆಯ ಒಂದು ಉದಾಹರಣೆ ಹೇಳ್ತೀನಿ. ಗಣಿತದ ಪೀರಿಯಡ್. ಹುಡುಗ ಪೆನ್ಸಿಲ್ ಎಸೆಯುತ್ತಾನೆ. ಸರ್ "ಹೊರಗ ನಿಂದ್ರು ಹೋಗ್" ಅನ್ನುತ್ತಾರೆ. ಮುಂದಿನ ವಾರ ಲೆಕ್ಕ ಶುರುವಾದ ಐದೇ ನಿಮಿಷಕ್ಕೆ ಪೆನ್ಸಿಲ್ ಹಾರುತ್ತದೆ. ಸರ್ ಕೊಟ್ಟದ್ದು ಶಿಕ್ಷೆ ಅಂತ ಸರ್ ಅಂದುಕೊಂಡಿದ್ದಾರೆ, ನಾವು ಓದುಗರೂ ಹಾಗೇ ಟಿಕ್ ಹಾಕ್ತೀವಿ. ಆದರೆ ಎಸೆಯೋದು ಹೆಚ್ಚಾಗಿದೆ ಅಲ್ವಾ? ಹೆಚ್ಚಾದರೆ ಅದು ಪನಿಶ್‌ಮೆಂಟ್ ಆಗಲು ಸಾಧ್ಯವೇ ಇಲ್ಲ. ಲೆಕ್ಕದಿಂದ ಬಿಡುಗಡೆ ಸಿಕ್ಕಿತು, ವರ್ತನೆ ಗಟ್ಟಿಯಾಯಿತು. ಕೊಟ್ಟವರ ಉದ್ದೇಶ ಏನು ಅಂತ ಎಬಿಎ ಕೇಳುವುದಿಲ್ಲ, ಆಮೇಲೆ ಏನಾಯಿತು ಅಂತ ಕೇಳುತ್ತದೆ. ಇದೇ ಹುಡುಗನನ್ನು "ಸುಮ್ನೆ ನೋಡದ ಹಾಗೆ ಇದ್ದುಬಿಡಿ" ಅಂತ ಸಲಹೆ ಕೊಟ್ಟರೆ ಅದು ಎಕ್ಸ್‌ಟಿಂಕ್ಷನ್ ಅಲ್ಲ. ಅವನು ಗಮನಕ್ಕಾಗಿ ಎಸೆಯುತ್ತಿಲ್ಲ. ಎಸೆದರೂ ಲೆಕ್ಕ ತಪ್ಪದೇ ಇದ್ದರೆ ಆಗ ಎಕ್ಸ್‌ಟಿಂಕ್ಷನ್. ಜೊತೆಗೆ ಲೆಕ್ಕ ಅವನಿಗೆ ಯಾಕೆ ಇಷ್ಟು ಕಷ್ಟ ಅಂತ ನೋಡಲೇಬೇಕು, ಅದನ್ನು ಬಿಟ್ಟು ಬರೀ ಪೆನ್ಸಿಲ್ ನಿಲ್ಲಿಸಿದರೆ ಆ ಹುಡುಗನಿಗೆ ನಾವು ಏನೂ ಮಾಡಿದ ಹಾಗಾಗಲಿಲ್ಲ.

ಎಂಒ ಮತ್ತು ಎಸ್‌ಡಿ, ಮೋಟಿವೇಟಿಂಗ್ ಆಪರೇಶನ್ ಮತ್ತು ಡಿಸ್ಕ್ರಿಮಿನೇಟಿವ್ ಸ್ಟಿಮ್ಯುಲಸ್. ಇವೆರಡರಲ್ಲಿ ಎಲ್ಲರಿಗೂ ಗೊಂದಲ. ಮೇ ತಿಂಗಳು, ಮಧ್ಯಾಹ್ನ, ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ, ಅದರ ಮೇಲೆ ಕರೆಂಟ್ ಬೇರೆ ಇಲ್ಲ. ಮಗುವಿಗೆ ತಣ್ಣಗಿನದು ಏನಾದರೂ ಬೇಕು. ಇದು ಎಂಒ, ಐಸ್‌ಕ್ಯಾಂಡಿಯ ಬೆಲೆ ಅದರ ಮನಸ್ಸಿನಲ್ಲಿ ಏರಿತು. ಓಣಿಯಲ್ಲಿ ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿತು. ಇದು ಎಸ್‌ಡಿ, ಈಗ ಕೇಳಿದರೆ ಸಿಗುತ್ತದೆ ಅನ್ನೋ ಸೂಚನೆ. ಡಿಸೆಂಬರ್ ಚಳಿಯಲ್ಲಿ ಅದೇ ಗಂಟೆ ಬಾರಿಸಿದರೆ ಸಿಗೋದು ಅಷ್ಟೇ ಸುಲಭ, ಬೇಕು ಅನ್ನೋದು ಮಾತ್ರ ಕಡಿಮೆ. ಪ್ರಶ್ನೆಯಲ್ಲಿ ಬದಲಾದದ್ದು ಬೇಕು ಅನ್ನೋದಾ, ಸಿಗೋದಾ ಅಂತ ನೋಡಿ. ಇಷ್ಟು ಸಾಕು.

ಅಳತೆಗೆ ಬರೋಣ. ಇಲ್ಲಿ ಅಂಕ ಸುಲಭವಾಗಿ ಸಿಗುತ್ತವೆ, ಆದರೆ ಲೆಕ್ಕ ಅಂದ ಕೂಡಲೇ ಪುಟ ತಿರುವುತ್ತೀರಿ. ಎರಡು ಗಂಟೆಯಲ್ಲಿ 24 ಸಲ ಅಂದರೆ ಗಂಟೆಗೆ 12, ಅದು ರೇಟ್. "ಹೋಮ್‌ವರ್ಕ್ ತೆಗಿ" ಅಂದು ಆರು ನಿಮಿಷದ ಮೇಲೆ ಪುಸ್ತಕ ತೆಗೆದರೆ ಆ ಆರು ನಿಮಿಷ ಲೇಟೆನ್ಸಿ, ತೆಗೆದ ಮೇಲೆ ಹತ್ತು ನಿಮಿಷ ಬರೆದರೆ ಅದು ಡ್ಯುರೇಶನ್. ಇಂಟರ್ವಲ್ ರೆಕಾರ್ಡಿಂಗ್‌ನಲ್ಲಿ ಹತ್ತು ಸೆಕೆಂಡಿನ ತುಂಡಿನಲ್ಲಿ ಒಂದು ಸಲ ಕಂಡರೂ ಗುರುತು ಹಾಕಿದರೆ ವರ್ತನೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಪೂರ್ತಿ ಹತ್ತು ಸೆಕೆಂಡು ಇದ್ದರೆ ಮಾತ್ರ ಹಾಕಿದರೆ ಕಡಿಮೆ ಕಾಣುತ್ತದೆ. ಕಡಿಮೆ ಮಾಡಬೇಕಾದ ವರ್ತನೆಗೆ ಯಾವುದು, ಹೆಚ್ಚಿಸಬೇಕಾದದ್ದಕ್ಕೆ ಯಾವುದು ಅಂತ ಕೇಳಿದಾಗ ಇದು ನೆನಪಿದ್ದರೆ ಉತ್ತರ ತಾನೇ ಬರುತ್ತದೆ.

ಇಬ್ಬರು ಒಂದೇ ಮಗುವನ್ನು ನೋಡಿ ಎಣಿಸಿದರು. ಒಬ್ಬರು 18, ಇನ್ನೊಬ್ಬರು 20. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ, ನೂರರಿಂದ ಗುಣಿಸಿ, 90 ಶೇಕಡಾ ಒಪ್ಪಿಗೆ. ಆದರೆ ಇದರಲ್ಲಿ ಒಂದು ತೂತು ಇದೆ. ಒಬ್ಬರು ಮೊದಲ ಅರ್ಧ ಗಂಟೆಯಲ್ಲಿ ಹತ್ತು, ಇನ್ನೊಬ್ಬರು ಕೊನೆಯ ಅರ್ಧ ಗಂಟೆಯಲ್ಲಿ ಹತ್ತು ಎಣಿಸಿದರೂ ಒಪ್ಪಿಗೆ ನೂರಕ್ಕೆ ನೂರು ಬರುತ್ತದೆ. ಇಬ್ಬರೂ ಒಂದೂ ಸಲ ಒಂದೇ ವರ್ತನೆ ನೋಡಿಲ್ಲ! ಅದಕ್ಕೇ ತುಂಡು ತುಂಡು ಸಮಯಕ್ಕೆ ಹೋಲಿಸುವ ಲೆಕ್ಕ ಬಂದದ್ದು. ಕಾರಣ ಹೀಗೆ ಗೊತ್ತಾದರೆ ಸೂತ್ರ ಮರೆಯೋದಿಲ್ಲ.

ಎಕ್ಸ್‌ಪೆರಿಮೆಂಟಲ್ ಡಿಸೈನ್, ಅಂದರೆ ಬದಲಾವಣೆ ಚಿಕಿತ್ಸೆಯಿಂದಲೇ ಆಯಿತಾ ಅಂತ ನೋಡುವ ಕ್ರಮ, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ಪಠ್ಯದಲ್ಲಿ ಅದಕ್ಕೆ 7 ಶೇಕಡಾ. ಎಬಿಎಬಿ ಡಿಸೈನಿನಲ್ಲಿ ಕೊಟ್ಟ ಚಿಕಿತ್ಸೆಯನ್ನು ನಡುವೆ ತೆಗೆದು, ಮತ್ತೆ ಕೊಟ್ಟು ನೋಡಬೇಕಾಗುತ್ತದೆ. ಮಗು ತಲೆ ಬಡಿದುಕೊಳ್ಳುತ್ತಿದ್ದರೆ, ಅಥವಾ ಒಮ್ಮೆ ಕಲಿತದ್ದು ಮರೆಯುವಂಥದ್ದಲ್ಲದಿದ್ದರೆ, ತೆಗೆಯೋದು ಸರಿಯಾಗಲ್ಲ. ಆಗ ಮಲ್ಟಿಪಲ್ ಬೇಸ್‌ಲೈನ್. ಅದರಲ್ಲಿ ಏನನ್ನೂ ತೆಗೆಯೋದಿಲ್ಲ, ಒಂದೊಂದು ಕಡೆ ಬೇರೆ ಬೇರೆ ಹೊತ್ತಿಗೆ ಚಿಕಿತ್ಸೆ ಶುರು ಮಾಡಿ ನೋಡ್ತಾರೆ. ಗ್ರಾಫ್ ಪೇಪರ್ ತಂದು ಕೈಯಲ್ಲಿ ನಾಲ್ಕು ಡಿಸೈನ್ ಬಿಡಿಸಿ, ಸಾಕು.

ನೀತಿಯ ಭಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ಇದನ್ನು ಎಲ್ಲರೂ ಕೊನೆಯ ರಾತ್ರಿಗೆ ಬಿಡುತ್ತಾರೆ. ಅಮೆರಿಕದ ಬೋರ್ಡಿನ, 2022ರ ಜನವರಿಯಿಂದ ಜಾರಿಯಲ್ಲಿರುವ ನೀತಿ ಸಂಹಿತೆಯನ್ನು ಓದುವಾಗ ನಮ್ಮ ಊರಿನ ಪದ್ಧತಿ ಎದುರಿಗೇ ಬಂದು ನಿಲ್ಲುತ್ತದೆ. ಮನೆಗೆ ಹೋಗಿ ಥೆರಪಿ ಮಾಡುವ ಅಕ್ಕನವರಿಗೆ ಕೇಳ್ತೀನಿ. ದೀಪಾವಳಿ ಹೊತ್ತಿಗೆ ಹೊರಡುವಾಗ ಮಗುವಿನ ಅವ್ವ ಅರಿಶಿನ ಕುಂಕುಮ ಕೊಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಖಣ ಇಟ್ಟು ಉಡಿ ತುಂಬುತ್ತಾಳೆ. ಬೇಡ ಅನ್ನೋಕಾಗುತ್ತಾ? ಉಡಿ ಬೇಡ ಅಂದರೆ ಆ ಮನೆಗೆ ಅದು ನೋವು. ಸಂಹಿತೆ 10 ಡಾಲರಿಗಿಂತ ಹೆಚ್ಚು ಬೆಲೆಯ ಉಡುಗೊರೆ ಕೊಡಬಾರದು, ತೆಗೆದುಕೊಳ್ಳಬಾರದು ಅನ್ನುತ್ತದೆ, ಯಾವಾಗಲೋ ಒಮ್ಮೆ ಕೃತಜ್ಞತೆಗೆ ಕೊಡುವ ಸಣ್ಣದಕ್ಕೆ ಜಾಗ ಬಿಟ್ಟಿದೆ. ಅಕ್ಕಿ, ಕುಂಕುಮದ ಉಡಿ ಆ ಜಾಗದಲ್ಲಿ ಬರುತ್ತದೆ ಅಂತ ನನ್ನ ಅಭಿಪ್ರಾಯ. ಅದರ ಜೊತೆ ಇಳಕಲ್ ಸೀರೆ ಇಟ್ಟರೆ ಬರೋದಿಲ್ಲ. ಮೊದಲ ದಿನವೇ "ಅಕ್ಕಾರ, ಹಬ್ಬದಾಗ ನನಗೇನೂ ಕೊಡಬ್ಯಾಡ್ರಿ, ನಮ್ಮ ಕೆಲಸದಾಗ ಹಂಗ ನಿಯಮ ಐತ್ರಿ" ಅಂತ ಹೇಳಿಟ್ಟರೆ ಸೀರೆ ಬರುವ ದಿನ ಯಾರಿಗೂ ಮುಜುಗರ ಆಗೋದಿಲ್ಲ.

ಇನ್ನೊಂದು, ಸಂಬಂಧಿಕರ ಮಗು. ನಮ್ಮಲ್ಲಿ ಅರ್ಧ ಓಣಿ ಬೀಗರೇ. "ನಮ್ಮ ಕಾಕಾನ ಮೊಮ್ಮಗನ್ನ ನೀನಽ ನೋಡವಾ" ಅಂತ ಬರ್ತಾರೆ. ಎರಡೆರಡು ಸಂಬಂಧ ಇಟ್ಟುಕೊಳ್ಳಬೇಡಿ ಅನ್ನುತ್ತದೆ ಸಂಹಿತೆ. ಅದರ ಕಾರಣ ನಮಗೆ ಚೆನ್ನಾಗಿ ಅರ್ಥ ಆಗಬೇಕು, ಮಗು ಮುಂದುವರಿಯದಿದ್ದಾಗ ಕಾಕಾನ ಮುಖ ನೋಡಿ ನಿಜ ಹೇಳೋದು ಕಷ್ಟ. ಮತ್ತೆ ಮಗುವಿನ ವಿಡಿಯೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋದು. "ಇವತ್ತು ಮೊದಲ ಸಲ ಅವ್ವಾ ಅಂದ" ಅಂತ ಖುಷಿಯಿಂದ ಹಾಕ್ತೀರಿ, ನಿಮ್ಮ ಖುಷಿ ನಿಜ. ಆದರೂ ಬೇಡ. ಅದು ಆ ಮಗುವಿನ ಬದುಕಿನ ಗುಟ್ಟು.

ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿನ ಒಪ್ಪಿಗೆ. ತಂದೆ-ತಾಯಿ ಸಹಿ ಮಾಡಿದರು ಅಂತ ಮಗು ಒಪ್ಪಿದ ಹಾಗಲ್ಲ. ಮಾತು ಬಾರದ ಮಗುವೂ ಹೇಳುತ್ತದೆ, ಮುಖ ತಿರುಗಿಸುತ್ತದೆ, ಬಾಗಿಲ ಕಡೆ ಹೋಗುತ್ತದೆ, ನಿಮ್ಮ ಬ್ಯಾಗ್ ನೋಡಿದ ಕೂಡಲೇ ಅವ್ವನ ಸೆರಗು ಹಿಡಿಯುತ್ತದೆ. ಈ ಶಾಸ್ತ್ರದ ಹಿಂದಿನ ದಿನಗಳಲ್ಲಿ ಮಕ್ಕಳಿಗೆ ಹೊಡೆತ, ನೋವು ಕೊಟ್ಟು ಕಲಿಸಿದ್ದೂ ಇದೆ. ದೊಡ್ಡವರಾದ ಆಟಿಸಂ ಇರುವ ಎಷ್ಟೋ ಜನ ಇವತ್ತು ಎಬಿಎ ಬಗ್ಗೆ ಸಿಟ್ಟಿನಿಂದ ಬರೆಯುತ್ತಾರೆ, ಆ ಬರಹಗಳನ್ನು ಓದಿ. ಕೈ ಆಡಿಸುವ ಮಗುವಿನ ಕೈ ಹಿಡಿದು ನಿಲ್ಲಿಸೋದು, ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಗದ್ದ ಹಿಡಿದು ತಿರುಗಿಸೋದು, ಇವು ಯಾರಿಗೆ ಬೇಕಾಗಿ ಮಾಡೋದು? ಕೈ ಆಡಿಸಿದರೆ ಯಾರಿಗೆ ಏನು ತೊಂದರೆ? ಈ ಪ್ರಶ್ನೆಗೆ ಉತ್ತರ ಇಲ್ಲದ ಗುರಿಯನ್ನು ಪ್ಲಾನಿನಲ್ಲಿ ಬರೆಯಬೇಡಿ.

ಈಗ ದಿನದ ಓದು ಹೇಗೆ ಅಂತ. ಸ್ಕಿನ್ನರ್ ಶಿಷ್ಯ ಲಿಂಡ್ಸ್ಲಿ ಒಂದು ಕ್ರಮ ಕೊಟ್ಟಿದ್ದಾನೆ, ಸಾಫ್‌ಮೆಡ್ಸ್ ಅಂತ. ಕಾರ್ಡಿನ ಒಂದು ಬದಿ ಸನ್ನಿವೇಶ ಅಥವಾ ಅರ್ಥ, ಇನ್ನೊಂದು ಬದಿ ಪದ. ದಿನಾ ಕಲಸಿ, ಒಂದು ನಿಮಿಷ ಟೈಮರ್ ಇಟ್ಟು, ಬಾಯಿಬಿಟ್ಟು ಹೇಳಬೇಕು. ಸರಿ ಎಷ್ಟು, ತಪ್ಪು ಎಷ್ಟು ಅಂತ ಎಣಿಸಿ ಗ್ರಾಫಿನಲ್ಲಿ ಚುಕ್ಕೆ ಇಡಬೇಕು. ಸನ್ನಿವೇಶದ ಕಡೆ ನಿಮ್ಮ ಊರಿನದ್ದನ್ನೇ ಬರೆಯಿರಿ, ಮೇಲೆ ಕನ್ನಡದಲ್ಲಿ, ಕೆಳಗೆ ಅದೇ ಇಂಗ್ಲಿಷಿನಲ್ಲಿ. ಗ್ರಾಫ್ ಮೇಲೇರದೇ ವಾರಗಟ್ಟಲೆ ಸಮತಟ್ಟಾಗಿದ್ದರೆ ಓದುವ ವಿಧಾನ ಬದಲಿಸಿ. ಮಗುವಿನ ಗ್ರಾಫ್ ಸಮತಟ್ಟಾದರೆ ಮಗುವನ್ನು ಬೈಯ್ಯಲ್ಲ ಅಲ್ವಾ, ಪ್ಲಾನ್ ಬದಲಿಸ್ತೀವಿ. ನಿಮಗೂ ಅದೇ ನ್ಯಾಯ.

ಇಂಗ್ಲಿಷ್ ಬಗ್ಗೆ ಹೆದರಿಕೆ ಇದೆ, ನನಗೆ ಗೊತ್ತು. ಕನ್ನಡ ಮಾಧ್ಯಮದಲ್ಲಿ ಓದಿದವರು ವಿಷಯ ಗೊತ್ತಿದ್ದೂ ಪ್ರಶ್ನೆಯ ಉದ್ದಕ್ಕೆ ಸೋಲುತ್ತಾರೆ. ಕೊನೆಯ ಸಾಲು ಮೊದಲು ಓದಿ, ಏನು ಕೇಳಿದ್ದಾರೆ ಗೊತ್ತಾಗುತ್ತದೆ, ಆಮೇಲೆ ಮೇಲಿನಿಂದ ಕಥೆ ಓದಿ. 'ಮೊದಲು ಏನು ಮಾಡಬೇಕು' ಅಂತಿದ್ದರೆ ನಾಲ್ಕರಲ್ಲಿ ಮೂರು ಸರಿಯಾದ ಕೆಲಸವೇ ಇರಬಹುದು, ಯಾವುದು ಮುಂಚೆ ಅನ್ನೋದೇ ಪ್ರಶ್ನೆ. ಸಾಮಾನ್ಯವಾಗಿ ಕಾರಣ ಹುಡುಕುವುದು ಚಿಕಿತ್ಸೆಗಿಂತ ಮುಂಚೆ, ಆರೋಗ್ಯದ ತೊಂದರೆ ಇದೆಯಾ ನೋಡೋದು ಅದಕ್ಕಿಂತ ಮುಂಚೆ. ಇದ್ದಕ್ಕಿದ್ದಂತೆ ಕಿವಿ ಬಡಿದುಕೊಳ್ಳಲು ಶುರು ಮಾಡಿದ ಮಗುವನ್ನು ಮೊದಲು ಡಾಕ್ಟರಿಗೆ ತೋರಿಸಿ.

ಸಮಯದ ಅಂದಾಜು ಬೇಕಂದ್ರೆ, ಬಿಸಿಬಿಎ ಪರೀಕ್ಷೆಯಲ್ಲಿ ನಾಲ್ಕು ಗಂಟೆಗೆ 185 ಪ್ರಶ್ನೆ, ಅದರಲ್ಲಿ 10ಕ್ಕೆ ಅಂಕ ಇಲ್ಲ, ಯಾವ ಹತ್ತು ಅಂತ ಹೇಳೋದಿಲ್ಲ. ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷದ ಮೇಲೆ ಸ್ವಲ್ಪ. ಆರ್‌ಬಿಟಿಗೆ 90 ನಿಮಿಷ, 85 ಪ್ರಶ್ನೆ. ನಿಮ್ಮ ಬೋರ್ಡಿನ ಲೆಕ್ಕ ಬೇರೆ ಇರುತ್ತದೆ, ಅದನ್ನು ನೋಡಿಕೊಂಡು ಅಷ್ಟೇ ಹೊತ್ತು ಎದ್ದೇಳದೇ ಕೂತು ಅಭ್ಯಾಸ ಮಾಡಿ. ಮನೆಯಲ್ಲಿ ಆನ್‌ಲೈನ್ ಪರೀಕ್ಷೆ ಬರೆಯುವವರು ಕರೆಂಟು, ಇಂಟರ್ನೆಟ್ಟು, ಒಳಗೆ ಯಾರೂ ಬಾರದ ಒಂದು ಕೋಣೆ, ಇವನ್ನು ಮುಂಚೆಯೇ ನೋಡಿಕೊಳ್ಳಿ. ಆ ದಿನ ಮನೆಗೆ ಬೀಗರು ಬರದ ಹಾಗೆ ಹೇಳಿಡೋದೂ ತಯಾರಿಯೇ.

ಒಬ್ಬರೇ ಓದಬೇಡಿ. ಮೂರು ನಾಲ್ಕು ಜನ ವಾರಕ್ಕೊಮ್ಮೆ ಸೇರಿ, ಪ್ರತಿಯೊಬ್ಬರೂ ಆ ವಾರ ಕಂಡ ಒಂದು ಘಟನೆ ಬರೆದು ತನ್ನಿ, ಹೆಸರು, ಗುರುತು ಏನೂ ಇಲ್ಲದೇ. ಉಳಿದವರು ಅದನ್ನು ಬಿಡಿಸಲಿ. ಜಗಳ ಆಗಬೇಕು, "ಇದು ಎಸ್ಕೇಪ್", "ಅಲ್ಲ, ಅಟೆನ್ಶನ್" ಅಂತ. ಆ ಜಗಳದಲ್ಲಿ ಕಲಿತದ್ದು ಯಾವ ಗೈಡಿನಲ್ಲೂ ಇಲ್ಲ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಮೇಲ್ವಿಚಾರಕರು ಎಲ್ಲಿ ಸಿಗ್ತಾರೆ ಅನ್ನೋದು ಒಂದು. ಈ ಕಡೆ ಸಿಗೋದು ಕಷ್ಟ, ಹೆಚ್ಚಿನವರು ಆನ್‌ಲೈನಿನಲ್ಲಿ ಬೇರೆ ಊರಿನವರನ್ನು ಹಿಡಿಯುತ್ತಾರೆ. ಅವರ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯಾ ಅಂತ ಬೋರ್ಡಿನ ಪಟ್ಟಿಯಲ್ಲಿ ನೋಡಿ, ನೀವು ಮಗುವಿನ ಜೊತೆ ಕೆಲಸ ಮಾಡೋದನ್ನು ಅವರು ನಿಜವಾಗಿ ನೋಡ್ತಾರಾ ಅಂತ ಕೇಳಿ. ಬರೀ ಗಂಟೆಗೆ ಸಹಿ ಹಾಕುವವರು ಬೇಡ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು, "ನಾ ಎಸ್ಸೆಸ್ಸೆಲ್ಸಿ ಓದೀನ್ರೀ ಸರ್. ಇದೆಲ್ಲಾ ನನಗ ಆಗ್ತದೇನ್ರೀ?" ಅಂದರು. ನಾನು ಹೇಳಿದ್ದು ಇದು. ಅಕ್ಕಾರೇ, ಸರ್ಟಿಫಿಕೇಟ್ ಮಾತು ಈಗ ಬಿಡಿ. ಇವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ತೊಗೊಳ್ಳಿ, ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮುಂಚೆ ಏನಾಯಿತು, ಮಗ ಏನು ಮಾಡಿದ, ಆಮೇಲೆ ಏನಾಯಿತು. ಸಿಟ್ಟು ಮಾಡಿದ, ಹಟ ಮಾಡಿದ ಅಂತ ಬರೀಬೇಡಿ, ಕಂಡದ್ದು ಬರೀರಿ, ತಾಟು ಎಸೆದ, ಕೈ ಕಚ್ಚಿಕೊಂಡ ಅಂತ. ಪಕ್ಕದಲ್ಲಿ ಗಂಟೆ ಎಷ್ಟು ಅಂತ. ಒಂದು ವಾರ ಬರೆದು ಮುಂದಿನ ಸಲ ಥೆರಪಿಸ್ಟ್ ಮುಂದೆ ಆ ಪುಟ ತೆಗೆದಿಡಿ. ಅವರು ಅದನ್ನು ಓದದೇ ಪಕ್ಕಕ್ಕಿಟ್ಟರೆ, ಯಾಕೆ ಓದಲ್ಲ ಅಂತ ಕೇಳಿ. ಕೇಳೋ ಹಕ್ಕು ನಿಮಗಿದೆ.